ಎಡಗೆನ್ನೆಯ ಬಣ್ಣ

ನಮ್ಮ ದೇವರ ಮನೆಯಲ್ಲಿ ಶ್ರೀರಾಮ ಪಟ್ಟಾಭಿಷೇಕದ ಒಂದು ಹಳೆಯ ಪಟವಿದೆ. ಅದರ ಬಲ ಅರ್ಧ ಹೊಳೆಯುತ್ತದೆ. ಎಡ ಅರ್ಧ ಮೂರು ತಲೆಮಾರಿನ ದೀಪದ ಮಸಿಯನ್ನು ಹೊತ್ತು ಕಪ್ಪಾಗಿಯೇ ಉಳಿದಿದೆ. ಲಕ್ಷ್ಮಣನ ಚಾಮರದ ಒಂದೊಂದು ಎಳೆಯೂ ಕಾಣುತ್ತದೆ. ಭರತ ಎಲ್ಲಿದ್ದಾನೆಂದು ಹುಡುಕಬೇಕು. ಪೂಜೆಗೆ ಬಂದವರು ಇದೇಕೆ ಹೀಗೆ ಎಂದು ಕೇಳಿದಾಗಲೆಲ್ಲ ನಾನು ಗಂಟೆಯ ಕಡೆಗೋ ಹೂವಿನ ಬಟ್ಟಲಿನ ಕಡೆಗೋ ಕೈ ಚಾಚಿ ಮಾತು ಮರೆಸುತ್ತ ಬಂದಿದ್ದೇನೆ. ಆ ಬಲ ಅರ್ಧವನ್ನು ಬೆಳಗಿಸಿದವರು ಕಳೆದ ಮಾಘದಲ್ಲಿ ತೀರಿಕೊಂಡರು. ಇನ್ನೂ ಮಾತು ಮರೆಸುವುದು ಸಾಧುವಲ್ಲವೆಂದು ಬರೆಯಲು ಕುಳಿತಿದ್ದೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಅವರ ಕಸುಬಿನಲ್ಲಿ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ಕೆಟ್ಟುಹೋದ ಹಳೆಯ ಚಿತ್ರಗಳನ್ನು ಶುಚಿಗೊಳಿಸಿ, ಬಿರಿದದ್ದನ್ನು ಕೂಡಿಸಿ, ಮತ್ತೆ ಗೋಡೆಗೆ ಏರುವಂತೆ ಮಾಡುವುದು ಅವರ ಕೆಲಸ. ನಲವತ್ತು ವರ್ಷ ಈ ನ್ಯೂಜೆರ್ಸಿಯಲ್ಲಿ ಅದನ್ನೇ ಮಾಡಿದರು. "ಇನ್ನೊಬ್ಬರು ಬರೆದ ಪಟದ ಮೇಲೆ ನಮ್ಮ ಹೆಸರು ಹಾಕೋದು, ಇನ್ನೊಬ್ಬರ ಮದುವೇಲಿ ನಾವು ಬಾಸಿಂಗ ಕಟ್ಕೊಂಡು ನಿಂತ ಹಾಗೆ, ಶಾಸ್ತ್ರಿಗಳೇ," ಎನ್ನುತ್ತಿದ್ದರು. ಅವರ ತಂದೆ, ತಾತಂದಿರು ಮೈಸೂರಿನಲ್ಲಿ ದೇವರ ಪಟಗಳನ್ನು ಬರೆಯುತ್ತಿದ್ದ ಚಿತ್ರಗಾರರು. ನಾನು ನಂಜನಗೂಡಿನ ಕಡೆಯವನು; ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದವನು. ಓಲ್ಡ್ ಬ್ರಿಡ್ಜಿನಲ್ಲಿರುವ ಮಗಳ ಮನೆಯನ್ನು ಸೇರಿ ಹನ್ನೊಂದು ವರ್ಷವಾಯಿತು. ಶನಿವಾರಗಳಲ್ಲಿ ನಾಲ್ಕಾರು ಮನೆಯವರು ಕೂಡಿ ಸ್ತೋತ್ರ ಪಠಿಸುವ ಒಂದು ಗೋಷ್ಠಿ ಇದೆ. ಅವರನ್ನು ನಾನು ಮೊದಲು ಕಂಡದ್ದು ಅಲ್ಲಿ, ಹಿಂದಿನ ಸಾಲಿನಲ್ಲಿ.

ಮೊದಲಿಗೆ ನನಗೆ ಅವರ ಮೇಲೆ ಅಸಮಾಧಾನವೇ ಇತ್ತು. ಮಂಗಳಾರತಿ ಬಂದಾಗ ಎಲ್ಲರೂ ಎರಡು ಕೈಗಳನ್ನೂ ಜ್ವಾಲೆಯ ಮೇಲಿಟ್ಟು ಕಣ್ಣಿಗೆ ಒತ್ತಿಕೊಂಡರೆ, ಅವರು ಎಡಗೈಯನ್ನಷ್ಟೇ ಮುಂದೆ ಮಾಡಿ ಬಲಗೈಯನ್ನು ಸ್ವೆಟರಿನ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು. ಶ್ರದ್ಧೆಯಿಲ್ಲದವರೆಂದು ತೀರ್ಮಾನಿಸಿದ್ದೆ. ಅವರು ಬಲಗೈಗೆ ಬಿಸಿಯಾದದ್ದೇನನ್ನೂ ತಾಕಿಸುವುದಿಲ್ಲ, ಕಾಫಿಯ ಲೋಟವನ್ನೂ ಎಡಗೈಯಲ್ಲೇ ಹಿಡಿಯುತ್ತಾರೆ, ಬೆರಳ ತುದಿಯ ಚರ್ಮ ಗಡುಸಾದರೆ ಕೆಲಸ ಕೆಡುತ್ತದೆಂಬ ಭಯ ಅವರಿಗಿದೆ ಎಂಬುದು ಎಷ್ಟೋ ತಿಂಗಳ ಮೇಲೆ ತಿಳಿಯಿತು. ಅವರ ವಿಷಯದಲ್ಲಿ ನಾನು ಅವಸರದಿಂದ ಮಾಡಿದ ತೀರ್ಮಾನಗಳಲ್ಲಿ ಅದು ಮೊದಲನೆಯದು. ಕೊನೆಯದಾಗಿದ್ದರೆ ಚೆನ್ನಾಗಿತ್ತು.

ಇನ್ನೊಂದು ಅಭ್ಯಾಸ ಅವರಿಗಿತ್ತು. ಯಾವುದನ್ನಾದರೂ ಗಮನವಿಟ್ಟು ನೋಡಬೇಕಾದರೆ ಮೂರು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು, ಹಿಂದೆ ಯಾರಿದ್ದಾರೆಂದು ನೋಡದೆ. ಶ್ರೀರಾಮನವಮಿಯ ದಿನ ಪಾನಕ ಕೋಸಂಬರಿಗೆಂದು ನಮ್ಮ ಮನೆಗೆ ಬಂದವರು ದೇವರ ಮನೆಯ ಬಾಗಿಲಲ್ಲಿ ನಿಂತು ಹಾಗೆ ಹಿಂದೆ ಸರಿದು ನಮ್ಮ ಅಳಿಯನ ಕಾಲನ್ನು ತುಳಿದರು. "ಸಾರಿ, ಸಾರಿ" ಎಂದು ಅವನ ಕಡೆಗೆ ತಿರುಗದೆಯೇ ಹೇಳಿ, ನನ್ನನ್ನು ಕೇಳಿದರು:

"ಶಾಸ್ತ್ರಿಗಳೇ, ಈ ಪಟದಲ್ಲಿ ಹನುಮಂತ ಎಲ್ಲಿದಾನೆ?"

"ಸ್ವಾಮಿಯ ಪಾದದ ಬಳಿ. ಕಾಣುವುದಿಲ್ಲವೇ?"

"ನಿಮಗೆ ಗೊತ್ತು, ಅದಕ್ಕೆ ಕಾಣ್ತಾನೆ. ನನಗೆ ಮಸಿ ಕಾಣ್ತಿದೆ." ಪಟದಿಂದ ಕಣ್ಣು ತೆಗೆಯದೆ, "ಕೊಟ್ಟರೆ ತೆಗೆದುಕೊಡ್ತೀನಿ. ನಮ್ಮ ತಾತನ ಕಾಲದ ಕೈ ಇದು," ಎಂದರು.

ಪೂಜೆಯಲ್ಲಿರುವ ಪಟವನ್ನು ಹೊರಗೆ ಕಳುಹಿಸುವುದೆಂದರೆ ನನಗೆ ಸಣ್ಣ ಮಾತಲ್ಲ. ಹದಿನೈದು ದಿನ ಯೋಚಿಸಿದೆ. ಕೊನೆಗೆ ಸಂಕಲ್ಪ ಮಾಡಿ, ಸ್ವಾಮಿಯನ್ನು ಕಲಶದಲ್ಲಿ ಆವಾಹಿಸಿ ಪೂಜೆಯನ್ನು ಅಲ್ಲಿಗೆ ವರ್ಗಾಯಿಸಿ, ಪಟವನ್ನು ರೇಷ್ಮೆಯ ಪಂಚೆಯಲ್ಲಿ ಸುತ್ತಿ ಅವರ ಕೈಗಿತ್ತೆ. ಅವರು ಅದನ್ನು ಎರಡು ಕೈಗಳಿಂದಲೂ ತೆಗೆದುಕೊಂಡರು.

ಅವರ ಕೆಲಸದ ಕೋಣೆ ಪಾರ್ಸಿಪನಿಯ ಒಂದು ಆಫೀಸ್ ಪಾರ್ಕಿನಲ್ಲಿ, ಎರಡು ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗಳ ನಡುವೆ ಇತ್ತು. ಬಾಗಿಲ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಉತ್ತರಕ್ಕೆ ದೊಡ್ಡ ಕಿಟಕಿ. ಅದರ ಆಚೆ ಸಾಲು ಸಾಲು ಕಾರುಗಳು. ಫೈಲು ಹಿಡಿದ ತರುಣರು ಬಾಗಿಲು ತಪ್ಪಿ ಒಳಗೆ ಬಂದು, "ಸರ್, ವೀಸಾ ಎಕ್ಸ್‌ಟೆನ್ಷನ್ ಇಲ್ಲೇನಾ?" ಎಂದು ಕೇಳುವುದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. "ಪಕ್ಕದಲ್ಲಪ್ಪ. ಇಲ್ಲಿ ಇನ್ನೂರು ವರ್ಷ ದಾಟಿದವರಿಗೆ ಮಾತ್ರ ಎಕ್ಸ್‌ಟೆನ್ಷನ್," ಎಂದು ತಲೆಯೆತ್ತದೆ ಹೇಳುತ್ತಿದ್ದರು.

ನನ್ನ ಮಗಳು ಸುಧಾಳ ಆಫೀಸೂ ಪಾರ್ಸಿಪನಿಯಲ್ಲೇ. "ಅಪ್ಪ, ಗುರುವಾರ ಹೇಗೂ ನಾನು ಕಮ್ಯೂಟ್ ಮಾಡಲೇಬೇಕು. ನಿಮ್ಮನ್ನ ಅಂಕಲ್ ಹತ್ರ ಡ್ರಾಪ್ ಮಾಡ್ತೀನಿ, ಸಂಜೆ ಪಿಕ್ ಮಾಡ್ತೀನಿ. ಮನೇಲಿ ಒಬ್ಬರೇ ಕೂತು ಟೀವಿಗೆ ವ್ಯಾಕರಣ ತಿದ್ದೋದು ತಪ್ಪುತ್ತೆ," ಎಂದಳು. ಹೀಗೆ ಗುರುವಾರಗಳು ಮೊದಲಾದವು.

ಅವರ ದೊಡ್ಡ ಮೇಜಿನ ಮೇಲೆ ಆಗ ಒಬ್ಬ ಹೆಂಗಸಿನ ಚಿತ್ರವಿತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಪ್ರಸಿದ್ಧ ಚಿತ್ರಕಾರ ಬರೆದದ್ದು. ಮರದ ಕೆಳಗೆ ಒಂದು ಕಲ್ಲುಬೆಂಚು, ಅದರ ಮೇಲೆ ನಸುನೀಲಿ ರೇಷ್ಮೆಯುಟ್ಟು ಕುಳಿತ ತರುಣಿ, ಅವಳ ಹೆಗಲಿನಾಚೆ ತೋಪು, ತೋಪಿನಾಚೆ ಇಳಿಬಿಸಿಲಿನ ಬಯಲು. ನಾನು ಮೊದಲು ನೋಡಿದಾಗ ಇದೊಂದೂ ಕಾಣುತ್ತಿರಲಿಲ್ಲ. ಮೇಲಿನ ವಾರ್ನಿಷು ಮುದಿಯಾಗಿ ಇಡೀ ಚಿತ್ರ ಕಷಾಯದಲ್ಲಿ ಅದ್ದಿದಂತಿತ್ತು. ಅದರ ಒಡತಿ ಹತ್ತಿರದ ಊರಿನ, ತೊಂಬತ್ತರ ಸಮೀಪದ ಅಮೆರಿಕನ್ ವೃದ್ಧೆ. ಅವರ ಮನೆತನದಲ್ಲಿ ಆ ಚಿತ್ರ ಕೈಯಿಂದ ಕೈಗೆ ಬಂದಿತ್ತು. ತನ್ನ ಕಣ್ಣು ಪೂರ್ತಿ ಮಂಜಾಗುವ ಮೊದಲು ಆ ಹುಡುಗಿಯ ಮುಖವನ್ನು ಸ್ಪಷ್ಟವಾಗಿ ಒಮ್ಮೆ ನೋಡಬೇಕೆಂಬುದು ಆಕೆಯ ಆಸೆ.

ಆ ಚಿತ್ರಕಾರನನ್ನು ಅವರು 'ದೊಡ್ಡಪ್ಪ' ಎಂದು ಕರೆಯುತ್ತಿದ್ದರು. ಮನೆಯ ಹಿರಿಯರೊಬ್ಬರ ಚೇಷ್ಟೆಗಳನ್ನು ಹೇಳುವ ಸಲುಗೆಯಲ್ಲಿ ಅವನ ವಿಷಯ ಹೇಳುತ್ತಿದ್ದರು. "ದೊಡ್ಡಪ್ಪನಿಗೆ ಬೇಕಾಗಿದ್ದು ಮರ, ಗುಡ್ಡ, ಹಳ್ಳ. ಜನ ಕೇಳಿದ್ದು ಅವರವರ ಮುಖ. ಏನು ಮಾಡ್ತಾನೆ ಪಾಪ, ಮುಖ ಬರೆದು ಹೊಟ್ಟೆ ಹೊರೆದ, ಅವರ ಬೆನ್ನ ಹಿಂದೆ ಕದ್ದು ಮರ ಬರೆದ." ಬಯಲಿಗೆ ಹೋಗಲು ಬಿಡುವಿಲ್ಲದಾಗ ಅವನು ಮೇಜಿನ ಮೇಲೆ ಕಲ್ಲು, ಪಾಚಿ, ಕನ್ನಡಿಯ ಚೂರು, ಕೋಸಿನ ಜಾತಿಯ ತರಕಾರಿ ಇವುಗಳನ್ನೇ ಜೋಡಿಸಿ ಕಾಡು ಕಟ್ಟಿಕೊಂಡು ಬರೆಯುತ್ತಿದ್ದನಂತೆ. ಹೇಳಿ ಬಿಟ್ಟರೆ ಆಯಿತೇ? ಒಂದು ಭಾನುವಾರ ನಮ್ಮ ಅಡಿಗೆಮನೆಯಲ್ಲೇ ಅದನ್ನು ಮಾಡಿ ತೋರಿಸಿದರು. ಬ್ರೋಕೊಲಿಯ ಮರಗಳು, ಶುಂಠಿಯ ಬಂಡೆ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಕೆರೆ. ಮಗಳ ಫೋನಿನ ದೀಪವನ್ನು ಮೆಲ್ಲಗೆ ಇಳಿಸುತ್ತ ಬಂದರು.

"ಅಂಕಲ್, ಆ ಬ್ರೋಕೊಲಿ ಪಲ್ಯಕ್ಕೆ ಬೇಕು," ಎಂದಳು ಸುಧಾ.

"ಇರಮ್ಮ, ಸೂರ್ಯ ಮುಳುಗ್ತಿದೆ. ಮುಳುಗಿದ ಮೇಲೆ ಹೆಚ್ಚಿಕೋ."

ತಟ್ಟೆಯ ಅಂಚಿನಲ್ಲಿ ಬೆಳಕು ಕೆಂಪಗಾದಂತೆ ನನಗೇ ತೋರಿತು. ಪರಮಾತ್ಮನು ತನ್ನ ಸೃಷ್ಟಿಯನ್ನು ಎಲ್ಲೆಲ್ಲಿ ಅಡಗಿಸಿಟ್ಟಿರುತ್ತಾನೆಂದು ನೆನೆದೆ.

ಕೋಣೆಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ವಾರ್ನಿಷನ್ನು ತೆಗೆಯಲು ಅವರು ತೆಳ್ಳನೆಯ ಕಡ್ಡಿಗೆ ಹತ್ತಿ ಸುತ್ತಿ, ಸೀಸೆಯ ದ್ರಾವಣದಲ್ಲಿ ಅದ್ದಿ, ಚಿತ್ರದ ಮೇಲೆ ಉರುಳಿಸುತ್ತಿದ್ದರು. ಒಂದು ಕಡ್ಡಿ ನಾಲ್ಕೆಂಟು ಉರುಳು. ಆಮೇಲೆ ಹತ್ತಿ ಎಸೆದು ಹೊಸದು. ದಿನಕ್ಕೆ ನೂರಾರು ಬೇಕು. ಐವತ್ತು ವರ್ಷದಿಂದ ದೀಪಕ್ಕೆ ಬತ್ತಿ ಹೊಸೆದ ಬೆರಳು ನನ್ನದು. ಹತ್ತಿ ಸುತ್ತಿಕೊಡುತ್ತೇನೆಂದೆ. ಪೂಜೆಯಲ್ಲಿ ಉರಿದುಳಿದ ಊದುಬತ್ತಿಯ ಕಡ್ಡಿಗಳನ್ನು ಮನೆಯಿಂದ ಕಟ್ಟಿಕೊಂಡು ಬಂದೆ. "ಅಂಗಡಿ ಕಡ್ಡಿಗಿಂತ ಚೆನ್ನಾಗಿದೆ ಸ್ವಾಮಿ. ಬಾಗುತ್ತೆ, ಚುಚ್ಚಲ್ಲ," ಎಂದು ಸಂತೋಷಪಟ್ಟರು. ಕಿಟಕಿಯ ಬಳಿ ಅವರು, ಅವರ ಬೆನ್ನ ಹಿಂದೆ ಗೋಡೆಯ ಬಳಿ ನಾನು. ನಾನು ಮೆಲುದನಿಯಲ್ಲಿ ಪಾರಾಯಣ ಮಾಡುತ್ತ ಹತ್ತಿ ಸುತ್ತುವುದು, ಅವರು ಉರುಳಿಸುವುದು. ಒಂದೊಂದೇ ಎಲೆ, ಒಂದೊಂದೇ ಬೆರಳು ಕಷಾಯದಿಂದ ಮೇಲೆದ್ದು ಬರುತ್ತಿತ್ತು. ನನ್ನ ರಾಮನ ಪಟ ಪಕ್ಕದ ಸಣ್ಣ ಮೇಜಿನ ಮೇಲೆ ಬಿಳಿಯ ಬಟ್ಟೆ ಹೊದ್ದು ಮಲಗಿರುತ್ತಿತ್ತು. ಅದರ ಕೆಲಸವನ್ನು ಅವರು ಎಂದೂ ನನ್ನ ಎದುರಿಗೆ ಮಾಡುತ್ತಿರಲಿಲ್ಲ. ಆದರೆ ಪ್ರತಿ ಗುರುವಾರ ಬಟ್ಟೆ ಸರಿಸಿದಾಗ ಬಲಗಡೆಯಿಂದ ಒಂದು ಅಂಗುಲ ಬೆಳಗಿರುತ್ತಿತ್ತು.

ಅವರ ಒಂದು ನಿಯಮವನ್ನು ಇಲ್ಲಿ ಹೇಳಬೇಕು. ಚಿತ್ರದಲ್ಲಿ ಬಣ್ಣ ಉದುರಿದ ಕಡೆ ಅವರು ಹೊಸ ಬಣ್ಣ ತುಂಬುತ್ತಿದ್ದರು. ಆದರೆ ಮುಂದೊಂದು ದಿನ ಇನ್ನೊಬ್ಬ ಬಂದು ಸುಲಭವಾಗಿ ಅಳಿಸಬಹುದಾದ ಬಣ್ಣವನ್ನೇ ತುಂಬುತ್ತಿದ್ದರು. "ನಮ್ಮ ಬಣ್ಣ ಹುಡುಕಿದರೂ ಕಣ್ಣಿಗೆ ಸಿಗಬಾರದು. ಒರೆಸಿದರೆ ಹೋಗಿಬಿಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಅವನು ಕೆಲಸಗಾರನಲ್ಲ." ಇದನ್ನು ಅವರು ಎಷ್ಟು ಸಲ ಹೇಳಿದ್ದರೋ.

ಒಂದು ವಾರ ಸುಧಾಳಿಗೆ ಗುರುವಾರದ ಬದಲು ಮಂಗಳವಾರ ಆಫೀಸು. ಹೇಳಿ ಕಳುಹಿಸದೆ ನಾನು ಮಂಗಳವಾರವೇ ಹೋದೆ. ಬಾಗಿಲು ಓರೆಯಾಗಿತ್ತು. ಅವರು ಬೆನ್ನು ತಿರುಗಿಸಿ ಕುಳಿತಿದ್ದರು. ಚಿತ್ರದ ವಾರ್ನಿಷು ಅಷ್ಟು ಹೊತ್ತಿಗೆ ಪೂರ್ತಿ ಹೋಗಿ ಮುಖದ ಮೇಲಿನ ಹಳೆಯ ಕೊಳೆಯೊಂದು ಉಳಿದಿತ್ತು. ನಾನು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಹತ್ತಿರ ಹೋದೆ. ಅವರು ನಾನು ಸುತ್ತಿಕೊಟ್ಟ ಕಡ್ಡಿಯೊಂದನ್ನು ತೆಗೆದು ಬಾಯಲ್ಲಿಟ್ಟುಕೊಂಡರು; ನಾಲಿಗೆಯ ಮೇಲೆ ತಿರುಗಿಸಿ ತೆಗೆದು, ಆ ಹುಡುಗಿಯ ಎಡಗೆನ್ನೆಯ ಮೇಲಿಟ್ಟು ಉರುಳಿಸತೊಡಗಿದರು.

ನನ್ನ ಕಣ್ಣು ಪಕ್ಕದ ಮೇಜಿನ ಬಿಳಿಯ ಬಟ್ಟೆಯ ಮೇಲೆ ಬಿತ್ತು. ಆಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ.

"ಏನಿದು, ಎಂಜಲು?" ಎಂದು ಕೂಗಿದೆ. "ನನ್ನ ರಾಮನಿಗೂ ಇದನ್ನೇ ಬಳಿದಿದ್ದೀರಾ?"

ಅವರು ಬೆಚ್ಚಿ ಕತ್ತು ತಿರುಗಿಸಿದರು. ಕೈ ಮಾತ್ರ ಇದ್ದಲ್ಲೇ ಇತ್ತು. ನಾಲ್ಕು ಉಸಿರಿನ ಹೊತ್ತು ನಾವು ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅವರಿಗೆ ಕೈಯ ನೆನಪಾಗಿ ಕಡ್ಡಿಯನ್ನು ಎತ್ತಿದರು. ಹತ್ತಿ ಕೊಳೆಯ ಬೂದುಬಣ್ಣದಲ್ಲಿರಬೇಕಾಗಿತ್ತು. ಅದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಗುಲಾಬಿ ಬಣ್ಣವಿತ್ತು.

ಅವರು ನನ್ನನ್ನು ಬೈಯಲಿಲ್ಲ. ಕಡ್ಡಿಯನ್ನು ಒಂದು ಸಣ್ಣ ಸೀಸೆಯಲ್ಲಿ ನಿಲ್ಲಿಸಿ ಮುಚ್ಚಳ ಹಾಕಿದರು. ನೋಟುಪುಸ್ತಕ ತೆರೆದು ಏನೋ ಬರೆದರು. ಎದ್ದು ಕೈ ತೊಳೆದುಕೊಂಡು ಬಂದು, "ಪಟ ಕಟ್ಟಿಕೊಡ್ತೀನಿ, ಶಾಸ್ತ್ರಿಗಳೇ," ಎಂದರು. ನನ್ನ ಪ್ರಶ್ನೆಗೆ ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಅದೇ ರೇಷ್ಮೆಯ ಪಂಚೆಯಲ್ಲಿ ಸುತ್ತಿಕೊಟ್ಟರು. ನಾನು ತೆಗೆದುಕೊಂಡು ಹೊರಗೆ ಬಂದು, ಸಂಜೆಯವರೆಗೆ ಆ ಕಟ್ಟಡದ ಮುಂದಿನ ಬೆಂಚಿನ ಮೇಲೆ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಮನೆಯಲ್ಲಿ ಪುಣ್ಯಾಹ ಮಾಡಿ, ದರ್ಭೆಯಿಂದ ಚೌಕಟ್ಟಿಗೆ ಪ್ರೋಕ್ಷಿಸಿ, ಸ್ವಾಮಿಯನ್ನು ಕಲಶದಿಂದ ಮತ್ತೆ ಪಟಕ್ಕೆ ಆವಾಹಿಸಿದೆ. ಸುಧಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಪ್ಪ, ಒಂದು ಕೇಳ್ಲಾ? ಈ ಪಟ ಬರೆದವರು ರಾಮನ ಕಣ್ಣು ಬರೆಯುವಾಗ ಬ್ರಷ್ಷಿನ ತುದಿ ಹೇಗೆ ಚೂಪು ಮಾಡಿಕೊಂಡಿರ್ತಾರೆ?"

"ನೀರಿನಲ್ಲಿ ಅದ್ದಿ."

"ತುಟೀಲಿ. ನಾನು ನೋಡಿದೀನಿ, ಎಲ್ಲ ಪೇಂಟರ್ಸೂ ಹಾಗೇ ಮಾಡೋದು. ಮುತ್ತಾತನ ಕಾಲದಿಂದ ನೀವು ಪೂಜೆ ಮಾಡ್ತಿರೋದು ಆ ಕಣ್ಣಿಗೇ."

ಆ ಮಾತಿಗಿಂತಲೂ ಹೆಚ್ಚಾಗಿ ನನ್ನನ್ನು ಹಿಡಿದದ್ದು ಹತ್ತಿಯ ತುದಿಯ ಆ ಗುಲಾಬಿ. ಮೊದಲ ದಿನ ಅದು ಕೋಪದ ಕೆಳಗೆ ಮುಚ್ಚಿಹೋಗಿತ್ತು. ಕೋಪ ಇಳಿದಂತೆ ಅದು ಮೇಲೆ ಬಂತು. ಬೆಳಿಗ್ಗೆ ಜಪಕ್ಕೆ ಕುಳಿತರೆ ಮಣಿಯ ಎಣಿಕೆ ತಪ್ಪುತ್ತಿತ್ತು. ಕುಂಕುಮದ ಬಟ್ಟಲನ್ನು ಮುಟ್ಟಿದರೆ ಬೆರಳ ತುದಿಯನ್ನು ನೋಡಿಕೊಳ್ಳುತ್ತಿದ್ದೆ. ಇನ್ನೂರೈವತ್ತು ವರ್ಷ ಸಮುದ್ರ ದಾಟಿ, ಮನೆಗಳನ್ನು ದಾಟಿ ಬಂದ ಒಂದು ಹುಡುಗಿಯ ಕೆನ್ನೆಯ ರಂಗು ನನ್ನ ಒಂದು ಕೂಗಿಗೆ ಅಳಿಸಿಹೋಗಿದ್ದರೆ? ಬ್ರಾಹ್ಮಣನ ಬಾಯಿಂದ ಬಂದ ಮಾತಿಗಿಂತ ಅವರ ಬಾಯಿಯ ನೀರು ಮೈಲಿಗೆಯೆಂದು ನನಗೆ ಹೇಳಿಕೊಟ್ಟವರು ಯಾರು? ಫೋನು ಮಾಡಿಸಿದೆ, ಎತ್ತಲಿಲ್ಲ. ಶನಿವಾರದ ಗೋಷ್ಠಿಗೂ ಅವರು ಬರಲಿಲ್ಲ.

ಐದನೆಯ ವಾರ ಮಗಳ ಜೊತೆ ಹೊರಟೆ. ಕೋಣೆಯಲ್ಲಿ ಅವರು ಚಿತ್ರದ ಮುಂದೆ ಸುಮ್ಮನೆ ಕುಳಿತಿದ್ದರು. ಮುಖದ ಕೆಲಸ ಆ ಮಂಗಳವಾರ ನಿಂತಲ್ಲೇ ನಿಂತಿತ್ತು. ಕಡ್ಡಿಗಳೆಲ್ಲ ಡಬ್ಬಿಯಲ್ಲಿ ಹಾಗೇ ಇದ್ದವು.

"ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಕಾಫಿ ಇಲ್ಲ, ಹಾಲು ಮುಗಿದಿದೆ."

"ಅದು ಆ ಚಿತ್ರಕಾರನದೇ ಬಣ್ಣವೇ? ಅಷ್ಟು ಹೇಳಿಬಿಡಿ," ಎಂದೆ.

"ಗೊತ್ತಿಲ್ಲ. ಎರಡು ಸಾಧ್ಯತೆ. ನಡುವೆ ಯಾರೋ ಒಬ್ಬ ನನ್ನಂಥವನು ಹುಡುಗಿ ಮಂಕಾಗಿದಾಳೆ ಅಂತ ಕೆನ್ನೆಗೆ ಬಣ್ಣ ಹಚ್ಚಿರಬಹುದು. ಆಗ ನಾನು ತೆಗೆದದ್ದು ಅವನದ್ದು, ತೆಗೀಬೇಕಾದ್ದೇ. ಇಲ್ಲ, ದೊಡ್ಡಪ್ಪನೇ ಎಲ್ಲ ಮುಗಿಸಿ ಕೊನೇಲಿ ನೀರಿನ ಹಾಗೆ ತೆಳ್ಳಗೆ ಒಂದು ಕೈ ಎಳೆದಿರಬಹುದು. ಆಗ..." ಬಲಗೈ ಜೇಬಿಗೆ ಹೋಯಿತು. "ನೋಡಿ ಹೇಳೋಣ ಅಂದರೆ, ಬಲಗಣ್ಣಿಗೆ ಪೊರೆ ಬಂದಿದೆ. ನನ್ನ ಕಣ್ಣೇ ಈಗ ಹಳೇ ವಾರ್ನಿಷ್. ಹತ್ತಿಯಿಂದ ಒಂದಿಷ್ಟು ಕತ್ತರಿಸಿ ಮ್ಯಾನ್‌ಹಟನ್ನಿನ ಲ್ಯಾಬಿಗೆ ಕಳಿಸಿದೀನಿ. ಬರಬೇಕು."

"ನಾನು ಕೂಗದೇ ಇದ್ದಿದ್ದರೆ..."

"ಎಂಜಲಿನಷ್ಟು ಮೃದುವಾದ ಮದ್ದು ಇನ್ನೊಂದಿಲ್ಲ ಶಾಸ್ತ್ರಿಗಳೇ," ಎಂದರು, ನನ್ನ ಮಾತು ಕೇಳಿಸದವರಂತೆ. "ಪ್ರಪಂಚದಲ್ಲಿ ಎಲ್ಲ ಕಡೆ ಈ ಕಸುಬಿನವರು ಅದನ್ನೇ ಬಳಸೋದು. ನಿಮಗೆ ಮೊದಲೇ ಹೇಳಬೇಕಿತ್ತು. ನೀವು ಇರುವ ದಿನ ಬೇಡ ಅಂತ ಮುಚ್ಚಿಟ್ಟೆ. ನೋಡಿ ಎಲ್ಲಿಗೆ ಬಂತು."

ರಾಮನ ಪಟದ ಪ್ರಶ್ನೆಯನ್ನು ಮತ್ತೆ ಕೇಳಲು ನಾಲಿಗೆ ಏಳಲಿಲ್ಲ. ಆ ಸಂಜೆಯವರೆಗೂ ಗೋಡೆಯ ಬಳಿ ನನ್ನ ಜಾಗದಲ್ಲಿ ಕುಳಿತು, ಯಾರಿಗೂ ಬೇಡದ ಹತ್ತಿಯನ್ನು ಸುತ್ತುತ್ತಿದ್ದೆ.

ಇಪ್ಪತ್ತು ದಿನದ ಮೇಲೆ ಸುಧಾಳ ಫೋನಿಗೆ ಅವರ ಕರೆ ಬಂತು. ನಾನು ಅಂಗಳದಲ್ಲಿ ತುಲಸಿಯ ಕುಂಡಕ್ಕೆ ನೀರೆರೆಯುತ್ತಿದ್ದೆ. ಮಗಳು ಫೋನನ್ನು ನನ್ನ ಕಿವಿಗೆ ಹಿಡಿದಳು.

"ಶಾಸ್ತ್ರಿಗಳೇ, ರಿಪೋರ್ಟ್ ಬಂತು. ದೊಡ್ಡಪ್ಪನ ಬಣ್ಣ ಅಲ್ಲ. ನೂರು ವರ್ಷದ ಹಿಂದೆ ಯಾವನೋ ಹಚ್ಚಿದ್ದು. ನಾನೇ ತೆಗೀಬೇಕಿತ್ತು, ನಿಮ್ಮ ದಯದಿಂದ ಬೇಗ ಬಂತು. ಚಿಂತೆ ಬಿಡಿ, ಸರಿಯಾಗಿ ಊಟ ಮಾಡಿ."

ಅಂದು ತುಪ್ಪದ ದೀಪ ಹಚ್ಚಿದೆ. ಎಷ್ಟೋ ದಿನಗಳ ಮೇಲೆ ಎಣಿಕೆ ತಪ್ಪದೆ ಜಪ ಮುಗಿಯಿತು. ಅವರು ಚಿತ್ರವನ್ನು ಮುಗಿಸಿ ಒಡತಿಗೆ ಒಪ್ಪಿಸಿದರು. ಅದೇ ಅವರ ಕೊನೆಯ ಕೆಲಸ. ಕಣ್ಣಿನ ಆಪರೇಷನ್ ಆಯಿತು. ಆಮೇಲೆ ಕೋಣೆಯನ್ನು ಬಿಟ್ಟುಬಿಡುವ ಮಾತಾಡಿದರು. ಶನಿವಾರ ಮತ್ತೆ ಹಿಂದಿನ ಸಾಲಿಗೆ ಬಂದು ಕೂರುತ್ತಿದ್ದರು. ನಮ್ಮ ಮಾತು ಮೊದಲಿನಂತೆಯೇ ಇತ್ತು, ಒಂದನ್ನು ಬಿಟ್ಟು. ಉಳಿದ ಅರ್ಧ ಪಟವನ್ನು ತೆಗೆದುಕೊಂಡು ಹೋಗಿ ಎಂದು ನಾನು ಹೇಳಬೇಕಾಗಿತ್ತು. ಮುಂದಿನ ವಾರ ಹೇಳೋಣವೆಂದು ಪ್ರತಿ ವಾರವೂ ಮುಂದೂಡಿದೆ. ನಾಚಿಕೆ ಎಂಬುದು ಕೂಡ ಒಂದು ಬಗೆಯ ಅಹಂಕಾರವೆಂದು ಎಷ್ಟೋ ಶಿಷ್ಯರಿಗೆ ಹೇಳಿದ್ದವನು ನಾನು. ಮಾಘದಲ್ಲಿ ಒಂದು ಬೆಳಿಗ್ಗೆ, ಹೃದಯ ನಿಂತಿತೆಂದು ಸುದ್ದಿ ಬಂತು.

ಅವರಿಗೆ ಮಕ್ಕಳಿರಲಿಲ್ಲ. ಹಿಕ್ಸ್‌ವಿಲ್‌ನಲ್ಲಿರುವ ತಂಗಿಯ ಮಗಳು, ಇಲ್ಲೇ ಹುಟ್ಟಿ ಬೆಳೆದ ಡಾಕ್ಟರು, ಕೋಣೆಯನ್ನು ಖಾಲಿ ಮಾಡಿಸಿದಳು. ತಿಂಗಳ ಮೇಲೆ ಅವಳು ನಮ್ಮ ಮನೆಗೆ ಬಂದು ಒಂದು ನೋಟುಪುಸ್ತಕವನ್ನೂ ಒಂದು ಸೀಸೆಯನ್ನೂ ಮೇಜಿನ ಮೇಲಿಟ್ಟಳು.

"ಅಂಕಲ್, ಆಫಿಷಿಯಲ್ ರಿಪೋರ್ಟ್ಸ್ ಎಲ್ಲ ಇಂಗ್ಲಿಷಲ್ಲಿವೆ. ಬಟ್ ದಿಸ್ ಒನ್ ಈಸ್ ಇನ್ ಕನ್ನಡ. ಐ ಕಾಂಟ್ ರೀಡ್ ಇಟ್. ಮಾವ ಏನು ಬರೆದಿದಾರೆ, ಓದಿ ಹೇಳ್ತೀರಾ?"

ಕನ್ನಡಕ ಹಾಕಿಕೊಂಡು ಅವಳಿಗೂ ಸುಧಾಳಿಗೂ ಕೇಳುವಂತೆ ಓದತೊಡಗಿದೆ. ತೇದಿ, ಚಿತ್ರದ ಗುರುತು, ಮಾಡಿದ ಕೆಲಸ. ಒಂದೊಂದಕ್ಕೂ ಎರಡು ಮೂರು ಸಾಲು. ಒಂದು ಪುಟದಲ್ಲಿ ನನ್ನ ಸ್ವಾಮಿ ಬಂದ.

'ರಾಮ ಪಟ್ಟಾಭಿಷೇಕ, ಶಾಸ್ತ್ರಿಗಳ ಮನೆಯದು. ಗೋಂದಿನ ಬಣ್ಣ. ನೀರು ಕೂಡದು, ಎಂಜಲು ಕೂಡದು, ಎರಡೂ ಬಣ್ಣವನ್ನು ಕರಗಿಸುತ್ತವೆ. ಒಣ ಸ್ಪಂಜು ಮಾತ್ರ. ಬೆಳಿಗ್ಗೆ ಸ್ನಾನ ಮಾಡಿ, ಕಾಫಿಗೆ ಮೊದಲು, ಒಂದು ಗಂಟೆ.'

ನಾನು ನಿಲ್ಲಿಸಿದೆ. "ಪುಟ ತಿರುಗಿಸಿ ಅಪ್ಪ," ಎಂದಳು ಸುಧಾ, ಮೆಲ್ಲಗೆ.

'ಮಂಗಳವಾರ. ನೀಲಿ ಹುಡುಗಿ, ಎಡಗೆನ್ನೆ. ಕಡ್ಡಿ ಹೆಚ್ಚು ಹೊತ್ತು ನಿಂತಿತು. ಗುಲಾಬಿ ಬಂತು. ತಪ್ಪು ನನ್ನ ಕೈಯದು.'

ಕೂಗಿನ ಮಾತೇ ಇರಲಿಲ್ಲ. ಕೋಣೆಯಲ್ಲಿ ಇನ್ನೊಬ್ಬನಿದ್ದನೆಂಬುದೂ ಇರಲಿಲ್ಲ. ಎರಡು ಪುಟ ಬಿಟ್ಟು ಮುಂದಿನದು. ಅದರ ಮೇಲೆ ನನ್ನ ಕಣ್ಣು ಮೊದಲು ಓಡಿತು. ದನಿ ಹಿಂದೆ ಉಳಿಯಿತು.

"ವಾಟ್ ಡಸ್ ಇಟ್ ಸೇ, ಅಂಕಲ್?"

ಓದದೆ ಪುಟ ಮಗುಚಬಹುದಾಗಿತ್ತು. ಅಲ್ಲಿ ನನ್ನನ್ನು ಬಿಟ್ಟರೆ ಆ ಅಕ್ಷರವನ್ನು ಬಲ್ಲವಳು ನನ್ನ ಮಗಳೊಬ್ಬಳೇ, ಅವಳಿದ್ದದ್ದು ಮೇಜಿನ ಆಚೆ. ಮಗುಚದೆ ಓದಿದೆ.

'ಲ್ಯಾಬಿನ ಉತ್ತರ ಬಂತು. ಬಣ್ಣ ದೊಡ್ಡಪ್ಪನದೇ. ಒಡತಿಗೆ ಇವತ್ತೇ ಕಾಗದ ಬರೆದು ಒಪ್ಪಿಕೊಂಡೆ. ಅಕ್ಕಿಕಾಳಿನಷ್ಟು ಜಾಗ ತುಂಬಬೇಕು. ಶಾಸ್ತ್ರಿಗಳಿಗೆ ಬೇರೆ ಹೇಳಿದ್ದೇನೆ. ಅವರ ಪಾರಾಯಣ ನಿಲ್ಲಬಾರದು.'

ಸೀಸೆಯೊಳಗೆ ನನ್ನ ಪೂಜೆಯ ಊದುಬತ್ತಿಯ ಕಡ್ಡಿ, ನನ್ನ ಬೆರಳು ಸುತ್ತಿದ ಹತ್ತಿ, ಅದರ ತುದಿಯಲ್ಲಿ ಇನ್ನೂ ಮಾಸದ ಆ ಬಣ್ಣ.

ಒಡತಿಯನ್ನು ನೋಡಬೇಕೆಂದೆ. ಸುಧಾ ಒಪ್ಪಲಿಲ್ಲ. "ಈಗ ಯಾಕಪ್ಪ? ತಪ್ಪು ನಂದು ಅಂತ ಅವರೇ ಬರೆದಿದಾರಲ್ಲ."

"ಅದಕ್ಕೇ," ಎಂದೆ.

ವೃದ್ಧೆ ಕೋಲೂರಿಕೊಂಡು ಬಾಗಿಲಿಗೆ ಬಂದರು. ಮರಗಳು ಆಗ ತಾನೇ ಚಿಗುರುತ್ತಿದ್ದವು. ಮನೆಯೊಳಗೆ ಹಸಿರು ಬೆಳಕಿತ್ತು. ಚಿತ್ರ ಊಟದ ಮನೆಯ ಗೋಡೆಯ ಮೇಲಿತ್ತು. ನಾನು ಮೊದಲ ಬಾರಿಗೆ ಅದನ್ನು ಪೂರ್ತಿಯಾಗಿ ನೋಡಿದೆ. ಕಲ್ಲುಬೆಂಚು, ತೋಪು, ದೂರದ ಬಯಲು, ಇವೆಲ್ಲಕ್ಕೂ ಬೆನ್ನು ಮಾಡಿ ಕುಳಿತ ಆ ಹುಡುಗಿ. ಎಲ್ಲಿಗೋ ಹೊರಟವಳನ್ನು ಯಾರೋ ಕೂಗಿ ನಿಲ್ಲಿಸಿದಂತೆ ಅವಳ ಮುಖವಿತ್ತು.

ನಾನು ಕನ್ನಡದಲ್ಲಿ ಹೇಳಿದೆ. ಸುಧಾ ಇಂಗ್ಲಿಷಿಗೆ ತಿರುಗಿಸಿದಳು. ಆ ಮಂಗಳವಾರ ಕೋಣೆಯಲ್ಲಿ ನಾನಿದ್ದೆ. ಕೂಗಿದವನು ನಾನು. ಅವರ ಕೈ ಅಲ್ಲಿ ನಿಂತದ್ದು ನನ್ನಿಂದ. ಕಾಗದದಲ್ಲಿ ಅವರು ಬರೆಯದೆ ಬಿಟ್ಟದ್ದು ಇದು. ಹೇಳುತ್ತ ಸೀಸೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದೆ.

ಆಕೆ ಪೂರ್ತಿ ಕೇಳಿದರು. ಆಮೇಲೆ ಕೋಲಿನ ತುದಿಯಿಂದ ಕಿಟಕಿಯ ಪರದೆಯನ್ನು ಇನ್ನಷ್ಟು ಸರಿಸಿ, ಏನೋ ಹೇಳಿದರು.

"ಎಲ್ಲಿ ಅಂತ ತೋರಿಸಿ ಅಂತಿದಾರೆ, ಅಪ್ಪ," ಎಂದಳು ಸುಧಾ. "ಅಂಕಲ್ ಕಾಗದ ಓದಿ, ಚಿತ್ರ ವಾಪಸ್ ಬಂದಾಗಿನಿಂದ ಹುಡುಕ್ತಿದಾರಂತೆ. ಸಿಕ್ಕಿಲ್ಲವಂತೆ."

ನಾನು ಹತ್ತಿರ ಹೋದೆ. ಆ ಕೆನ್ನೆಯ ಮೇಲೆ ಕಡ್ಡಿ ಎಲ್ಲಿ ನಿಂತಿತ್ತೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈಗ ಲೋಕದಲ್ಲಿ ಯಾರೂ ಇಲ್ಲ. ಹತ್ತಿರದಿಂದ ಬರೀ ಕುಂಚದ ಗೀಚುಗಳು ಕಂಡವು, ಬೂದಿ, ಗುಲಾಬಿ, ನಸುನೀಲಿ. ಬಾಗಿ ನೋಡಿದೆ, ಕನ್ನಡಕ ತೆಗೆದು ನೋಡಿದೆ. ಕೊನೆಗೆ ಮೂರು ಹೆಜ್ಜೆ ಹಿಂದಕ್ಕೆ ಸರಿದೆ. ಹಿಂದಿದ್ದ ಕುರ್ಚಿಯೊಂದು ಉರುಳಿತು. ಗೀಚುಗಳೆಲ್ಲ ಕೂಡಿ ಮತ್ತೆ ಆ ಹುಡುಗಿಯಾದವು. ಎಡಗೆನ್ನೆ ಬಲಗೆನ್ನೆಯಷ್ಟೇ ಕೆಂಪಗಿತ್ತು.

ತೋರಿಸಲು ಎತ್ತಿದ ಬೆರಳನ್ನು ನಾನು ಇಳಿಸಿದೆ.